ಕಾಷ್ಠ ಅಲ್ಲ

ನಮ್ಮ ಕಾಕಾರ ಮೂಗು ಸಾಂಗ್ಲಿ ಪೇಟೆಯಲ್ಲಿ ಕಾಕಾರಿಗಿಂತ ಹೆಚ್ಚು ಪ್ರಸಿದ್ಧ. ಅವರು ನನ್ನ ಅಪ್ಪನ ತಮ್ಮ. ಅವರದು ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಒಣಗಿದ ಹೂವು, ಗಿಡದ ಅಂಟು, ಧೂಪ, ಜೊತೆಗೆ ಒಂದಿಷ್ಟು ಪೂಜೆಯ ಸಾಮಾನು. ಮರಾಠಿ ಗಿರಾಕಿಗಳು ಇದನ್ನು ಕಾಷ್ಠೌಷಧಿ ದುಕಾನ ಎನ್ನುತ್ತಾರೆ, ಬೋರ್ಡಿನ ಮೇಲೂ ಹಾಗೇ ಬರೆದಿದೆ. ಕಾಷ್ಠ ಎಂದರೆ ಕಟ್ಟಿಗೆ. ಅಂಗಡಿ ಹಾಕಿದ ಮುತ್ತಜ್ಜ ಒಂದು ಕಟ್ಟಳೆ ಮಾಡಿದ್ದರಂತೆ: ಈ ಗಾದಿಯ ಮೇಲೆ ಕೂತವನು ಜೀವದಿಂದ ಕಿತ್ತು ತಂದ ವಸ್ತುವನ್ನು ಮಾರಬಾರದು. ಹಾಗಾಗಿ ನಮ್ಮಲ್ಲಿ ಕಸ್ತೂರಿ ಇಲ್ಲ, ಕೊಂಬಿನ ಪುಡಿ ಇಲ್ಲ. ಶಂಖ ಕೇಳಿ ಬಂದವರನ್ನೂ ಕಾಕಾ ಎದುರಿನ ಅಂಗಡಿಗೆ ಕಳಿಸುತ್ತಾರೆ.

"ಕಾಷ್ಠ ಇದ್ರ ಕೇಳ್ರಿ. ಕಾಷ್ಠ ಅಲ್ಲದ್ದು ನಮ್ಮಲ್ಲೆ ಸಿಗೂದಿಲ್ಲ" ಎಂದು ಹೇಳುವಾಗ ಅವರ ಎದೆ ಒಂದು ಗೇಣು ಮುಂದೆ ಬರುತ್ತದೆ.

ಇನ್ನು ಮೂಗಿನ ವಿಷಯ. ದಲಾಲರು ಗುಗ್ಗುಳವೋ ಲೋಬಾನವೋ ನಮುನೆ ತಂದರೆ ಕಾಕಾ ಅದನ್ನು ನೋಡುವುದೇ ಇಲ್ಲ. ಗಾದಿಯ ಪಕ್ಕದಲ್ಲಿ ಶೇಗಡಿಯೊಂದರಲ್ಲಿ ಇದ್ದಿಲ ಕೆಂಡ ಸದಾ ಇರುತ್ತದೆ. ಕಾಕಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾರಾದರೂ ಒಂದು ಚಿಟಿಕೆ ನಮುನೆಯನ್ನು ಕೆಂಡದ ಮೇಲೆ ಇಡಬೇಕು. ಹೊಗೆ ಎದ್ದದ್ದೇ ತಡ, ಇದು ಅಸಲು, ಇದರಲ್ಲಿ ರಾಳ ಬೆರೆಸಿದ್ದಾರೆ, ಇದು ಮಳೆಯಲ್ಲಿ ತೊಯ್ದ ಮಾಲು ಎಂದು ತೀರ್ಪು ಬರುತ್ತದೆ. ಕಣ್ಣು ಯಾಕೆ ಮುಚ್ಚಬೇಕು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಕಣ್ಣ ಲಂಚ ತಿಂತೈತಿ, ಮೂಗ ತಿನ್ನೂದಿಲ್ಲ" ಎಂದಿದ್ದರು. ಆ ತೀರ್ಪಿನ ಮೇಲೆ ಅಪೀಲು ಹೋದ ದಲಾಲರು ಇಲ್ಲ.

ಇಂಥ ಕಾಕಾರ ತಲೆಯ ಮೇಲೆ, ಗಾದಿಯ ಹಿಂದಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದ್ದದ್ದು ಇಂದ್ರಜಾಲ. ನೀವೂ ನೋಡಿರುತ್ತೀರಿ. ಕಪ್ಪು ಬಲೆಯ ಹಾಗೆ ಹೆಣೆದುಕೊಂಡ ಸಣ್ಣ ಸಣ್ಣ ಟೊಂಗೆಗಳು, ಎಲೆ ಇಲ್ಲದ ಒಂದು ಬೀಸಣಿಗೆ. ಕಾಡಿನ ಯಾವುದೋ ಅಪರೂಪದ ಗಿಡದ ಬೇರು, ಮನೆಯಲ್ಲಿದ್ದರೆ ದೃಷ್ಟಿ ತಾಕುವುದಿಲ್ಲ, ಅಂಗಡಿಯಲ್ಲಿದ್ದರೆ ಗಿರಾಕಿ ತಿರುಗಿ ಹೋಗುವುದಿಲ್ಲ ಎಂದು ಜನ ನಂಬುತ್ತಾರೆ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಹೊಸ ವರ್ಕ್‌ಶಾಪು ಹಾಕುವವರು ಲೇಥ್ ಮಷೀನಿಗೆ ಪೂಜೆ ಮಾಡುವ ಮೊದಲು ನಮ್ಮಲ್ಲಿ ಬಂದು ಒಂದು ಇಂದ್ರಜಾಲ ಒಯ್ಯುತ್ತಿದ್ದರು. ಅಪ್ಪನ ಅವ್ವ, ನಾವು ಆಯಿ ಎಂದು ಕರೆಯುವ ನಮ್ಮ ಅಜ್ಜಿ, ಹಬ್ಬಕ್ಕೊಮ್ಮೆ ಅಂಗಡಿಗೆ ಬಂದು ಆ ಗಾಜಿನ ಮೇಲೆ ವಿಭೂತಿಯ ಮೂರು ಗೆರೆ ಎಳೆದು ಹೋಗುತ್ತಿದ್ದಳು. ಆಯಿ ಎಂಥವಳೆಂದರೆ, ತತ್ತಿ ಎಂಬ ಶಬ್ದ ಕೇಳಿದರೂ ಬಾಯಿ ಮುಕ್ಕಳಿಸುವವಳು.

ನಾನು ಮಿರಜಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಪ್ಪ ಬೇಗ ಹೋದರು. ನನ್ನನ್ನು ಬೆಳೆಸಿ ಓದಿಸಿದವರು ಕಾಕಾ. ನನ್ನ ಬಾಯಿ ಸ್ವಲ್ಪ ಜೋರು, ಹಟ ಅದಕ್ಕಿಂತ ಜೋರು. ಎರಡೂ ಕಾಕಾರಿಂದಲೇ ಬಂದವು ಎಂದು ಆಯಿ ಹೇಳುತ್ತಾಳೆ, ಹೊಗಳಿಕೆಯಾಗಿ ಅಲ್ಲ.

ಹೋದ ಬೇಸಿಗೆಯ ರಜೆಯಲ್ಲಿ ಕಾಲೇಜಿನ ಗೆಳತಿಯರ ಜೊತೆ ಮಾಲವಣಕ್ಕೆ ಹೋದೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಸಮುದ್ರದ ತಳ ತೋರಿಸುತ್ತಾರೆ. ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ್ದರೂ ನನಗೆ ಈಜು ಬಾರದು. ಮುಳುಗುಗಾರನೊಬ್ಬ ನನ್ನನ್ನು ಬೆಕ್ಕಿನ ಮರಿಯ ಹಾಗೆ ಹಿಂಗತ್ತಿನಲ್ಲಿ ಹಿಡಿದು ಕೆಳಗೆ ಒಯ್ದ. ನೀರು ಮಜ್ಜಿಗೆಯಂತೆ ಮಬ್ಬಾಗಿತ್ತು. ಕೊಟ್ಟ ದುಡ್ಡು ನೀರಿಗೆ ಹೋಯಿತೆಂದು ನಾನು ಬೈದುಕೊಳ್ಳುತ್ತಿರುವಾಗ ಅವನು ಒಂದು ಬಂಡೆಯ ಅಂಚನ್ನು ತೋರಿಸಿದ.

ಬಂಡೆಯ ಅಂಚಿನಲ್ಲಿ ಕಾಕಾರ ಇಂದ್ರಜಾಲ ನಿಂತಿತ್ತು.

ಅದೇ ಬಲೆ, ಅದೇ ಬೀಸಣಿಗೆ. ಆದರೆ ಕಪ್ಪಲ್ಲ, ಚೆಂಡುಹೂವಿನ ಕೇಸರಿ. ಟೊಂಗೆಟೊಂಗೆಯ ಮೇಲೂ ರವೆಯಷ್ಟು ಸಣ್ಣ ಬಿಳಿ ಹೂವುಗಳು ಅರಳಿದ್ದವು. ಒಂದೊಂದಕ್ಕೂ ಎಂಟು ಎಸಳು, ಎಸಳಿಗೆಲ್ಲ ಹಕ್ಕಿಯ ಪುಕ್ಕದಂಥ ಅಂಚು. ಮುಳುಗುಗಾರ ಮುಟ್ಟದೆ ಹತ್ತಿರದಲ್ಲಿ ಕೈ ಬೀಸಿದ, ನೀರು ಅಲುಗಿತು, ಆ ಹೂವುಗಳೆಲ್ಲ ಒಮ್ಮೆಗೇ ಒಳಗೆ ಸರಿದು ಮಾಯವಾದವು. ನಾನು ಕಾಯುತ್ತ ನೋಡಿದೆ. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮತ್ತೆ ಹೊರಗೆ ಬಂದು ಕೈ ಚಾಚಿದವು. ಟೊಂಗೆಗಳ ನಡುವೆ ಸಪೂರ ಕೈಗಳ ನಕ್ಷತ್ರಮೀನೊಂದು ಸುತ್ತಿಕೊಂಡು ಕೂತಿತ್ತು. ಅದೇ ಕೇಸರಿ ಬಣ್ಣದ ಸಣ್ಣ ಬಸವನಹುಳುವೊಂದು ಅಲ್ಲೇ ಅಂಟಿತ್ತು, ಬಹಳ ಹೊತ್ತು ನೋಡಿದ ಮೇಲೆಯೇ ಅದು ಬೇರೆ ಪ್ರಾಣಿಯೆಂದು ತಿಳಿದದ್ದು. ಕಡಲ ಬೀಸಣಿಗೆ! ಪುಸ್ತಕದ ಕಪ್ಪುಬಿಳುಪು ಚಿತ್ರದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಹವಳದ ಬಳಗದ ಪ್ರಾಣಿ ಇಲ್ಲಿ ಜೀವಂತ ನಿಂತು ಊಟ ಮಾಡುತ್ತಿತ್ತು. ನಾನು ಖುಷಿಗೆ ಕಿರುಚಿದೆ. ನೀರಿನೊಳಗೆ ಕಿರುಚಬಾರದು. ಅರಬ್ಬಿ ಸಮುದ್ರದ ಒಂದು ಲೋಟ ನೀರು ನನ್ನ ಹೊಟ್ಟೆಗೆ ಹೋಯಿತು, ಮುಳುಗುಗಾರ ಬೈಯುತ್ತ ಮೇಲೆತ್ತಿದ. ಆ ದಿನದಷ್ಟು ಸಂತೋಷ ನನಗೆ ಡಿಗ್ರಿ ಬಂದಾಗಲೂ ಆಗಿರಲಿಲ್ಲ.

ಸಾಂಗ್ಲಿಗೆ ಬಂದವಳೇ ನೇರ ಅಂಗಡಿಗೆ ಹೋದೆ.

"ಕಾಕಾ, ನಿಮ್ಮ ತಲಿ ಮ್ಯಾಲ ಇರೂದು ಬೇರಲ್ಲರಿ. ಪ್ರಾಣಿ."

ಕಾಕಾ ಹಲ್ಲಿ ಬಂತೇನೋ ಎಂದು ಗಡಬಡಿಸಿ ಮೇಲೆ ನೋಡಿದರು. ಹಲ್ಲಿ ಇರಲಿಲ್ಲ. ನಾನು ಚೌಕಟ್ಟಿಗೆ ಬೆರಳು ತೋರಿಸಿದೆ. ಮುಳುಗುಗಾರ ತೆಗೆದು ಕಳಿಸಿದ ಫೋಟೊ, ವಿಡಿಯೊ ಎಲ್ಲವನ್ನೂ ಮೊಬೈಲಿನಲ್ಲಿ ತೋರಿಸಿದೆ.

"ಮೊಬೈಲಿನ್ಯಾಗ ಏನ ಬೇಕಾದ್ರೂ ತೋರಸ್ತಾರವಾ. ನನ್ನ ತಲಿ ಮ್ಯಾಲ ಸೊಂಪಾಗಿ ಕೂದಲ ಬೆಳದದ್ದೂ ತೋರಸ್ತಾರ" ಎಂದು ಟೋಪಿಯನ್ನು ಸರಿಮಾಡಿಕೊಂಡರು. ಟೋಪಿಯ ಕೆಳಗೆ ಕಿವಿಯ ಸುತ್ತ ಉಳಿದಿರುವ ಬೆಳ್ಳಿಯ ಬೇಲಿಯೊಂದೇ ಅವರ ಆಸ್ತಿ.

"ಇವು ಮುಟ್ಟಾಕ ಹೋದ್ರ ಒಳಗ ಸರೀತಾವರಿ!"

"ಮುಟ್ಟಿದರ ಮುನಿ ಗಿಡಾನೂ ಮುದುಡಿಕೊಂತೈತಿ. ಅದೂ ಪ್ರಾಣಿನಾ?"

ಸಾಂಗ್ಲಿಯಂಥ ಅರಿಶಿನದ ಪೇಟೆಯಲ್ಲಿ ಬೆಳೆದವರಿಗೆ ಜಗತ್ತಿನಲ್ಲಿ ಗಂಟುಗಂಟಾಗಿ ಕವಲೊಡೆದದ್ದೆಲ್ಲ ಬೇರೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಿಡದ ವ್ಯಾಪಾರಿಯ ಮನೆಯಲ್ಲೇ ಹೀಗೆ ಖರೆಯಾಗಬೇಕೆ? ಬೇರೆ ಊರಿನ ಯಾವನಾದರೂ ಕನ್ನಡಕದವನು ಬಂದು ಹೇಳಿದ್ದರೆ ಕಾಕಾ ಚಹಾ ತರಿಸಿ ಕೇಳುತ್ತಿದ್ದರು.

ಸಿಟ್ಟಿನ ಕೆಳಗೆ ಇನ್ನೊಂದು ಇತ್ತು, ಭಯ. ಮನೆಗೆ ಬಂದು ಕಾನೂನು ಓದಿದ್ದೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಕಡಲ ಬೀಸಣಿಗೆಗೂ ಇದೆ. ಮಾರುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ಕಾಕಾ ಹೇಳಿಕೇಳಿ ದೀಪಾವಳಿ ಪಾಡ್ವಾಕ್ಕೆ, ಅಂದರೆ ಬಲಿಪಾಡ್ಯಮಿಗೆ, ಕುಪವಾಡದ ರಸ್ತೆಯಲ್ಲಿ ಎರಡನೆಯ ಅಂಗಡಿ ತೆರೆಯುವವರಿದ್ದರು. ಗಾದಿಯ ಮೇಲಿನ ಚೌಕಟ್ಟು ಅಲ್ಲಿಗೆ ಹೋಗಿ, ರಸ್ತೆಗೆ ಕಾಣುವಂತೆ ತೂಗಬೇಕಿತ್ತು. ಎಂಐಡಿಸಿಯವರಿಗಾಗಿ ಒಂದು ಪೆಟ್ಟಿಗೆ ತುಂಬ ಇಂದ್ರಜಾಲ ಆಗಲೇ ತರಿಸಿಟ್ಟಾಗಿತ್ತು. ಜೀವದ ವಸ್ತು ಮಾರುವುದಿಲ್ಲ ಎಂದು ಶಂಖವನ್ನೂ ಮುಟ್ಟದ ಮನುಷ್ಯನನ್ನು ವನ್ಯಜೀವಿ ಮಾರಿದ ಗುನ್ಹೆಗೆ ಯಾರಾದರೂ ಗಾದಿಯಿಂದ ಎಬ್ಬಿಸಿ ಜೀಪು ಹತ್ತಿಸುವುದನ್ನು ರಾತ್ರಿ ಕನಸಿನಲ್ಲೂ ಕಾಣುತ್ತಿದ್ದೆ. ಅದನ್ನೂ ಹೇಳಿದೆ. ಕಾಕಾ ನಕ್ಕರು. "ಕಾಷ್ಠ ಮಾರಿದ್ರ ಎಂಥಾ ಗುನ್ಹೆ?"

ಕೊನೆಗೆ ಒಂದು ದಿನ ಊಟದ ಹೊತ್ತಿಗೆ ವಾದ ಏರಿ, ರೊಟ್ಟಿ ಆರಿ ಹಲಗೆಯಾದಾಗ, ಕಾಕಾ ಪಂಥ ಹಾಕಿದರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ಪ್ರಮಾಣ ತೊಗೊಂಡ ಬಾ. ಪಾಡ್ವಾದೊಳಗ ನೀ ನನಗ ಒಪ್ಪಿಸಿದ್ರ ನಾನ ನನ್ನ ಕೈಲೆ ಇಳಸ್ತೇನಿ, ಮತ್ತೆಂದೂ ಮಾರೂದಿಲ್ಲ. ಒಪ್ಪಸಲಿಲ್ಲಂದ್ರ ನೀನ ಹೊಸಾ ಅಂಗಡ್ಯಾಗ ಮೊಳಿ ಹೊಡದು ತೂಗಹಾಕಬೇಕು. ಮತ್ತ ಅಂಗಡಿ ಮಾತಿನ್ಯಾಗ ಬಾಯಿ ಹಾಕಬಾರದು. ಹೌದಿಲ್ಲೋ?"

"ಹೌದ್ರಿ."

"ನಾ ಸಾಕ್ಷಿ" ಎಂದಳು ಆಯಿ. "ಈಗರೆ ಉಣ್ರಿ ಇಬ್ಬರೂ."

ಮೊದಲ ಪ್ರಯತ್ನಕ್ಕೆ ಲಿಂಬೆಹಣ್ಣು ಹಿಡಿದು ಹೋದೆ. ಕಡಲ ಬೀಸಣಿಗೆಯ ಹೊರಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿರುತ್ತವೆ, ಅದರ ತೊಗಲಿಗೆ ಗಟ್ಟಿತನ ಕೊಡುವುದು ಅವೇ. ಒಣಗಿದ ಮೇಲೆ ಆ ಕೇಸರಿ ತೊಗಲು ಉದುರಿ ಒಳಗಿನ ಕಪ್ಪು ಕಡ್ಡಿಯಷ್ಟೇ ಉಳಿಯುತ್ತದೆ. ಪೆಟ್ಟಿಗೆಯ ತಳದಲ್ಲಿ ಮುರಿದು ಬಿದ್ದ ಒಂದು ತುಂಡಿನ ಬುಡದಲ್ಲಿ ಮಾಸಿದ ಸಿಪ್ಪೆ ಇನ್ನೂ ಅಂಟಿತ್ತು. ಅದರ ಮೇಲೆ ಹುಳಿ ಹಿಂಡಿದೆ. ಬುಸ್ಸೆಂದು ನೊರೆ ಬಂತು. ನಾನು ಗೆದ್ದ ಹೆಮ್ಮೆಯಿಂದ ಕಾಕಾರ ಮುಖ ನೋಡಿದೆ.

"ಹುಳ ಹತ್ತಬಾರದಂತ ಸುಣ್ಣ ಬಡದಾರ" ಎಂದರು ಕಾಕಾ. "ಆ ಗ್ವಾಡಿಗೂ ಹಿಂಡ ಹೋಗು, ಬುರಗ ಬರತೈತಿ. ಗ್ವಾಡಿ ಪ್ರಾಣಿ ಆತೇನು?"

ಗಿರಾಕಿಗಳು ನಕ್ಕರು. ಉಳಿದ ಅರ್ಧ ಲಿಂಬೆಹಣ್ಣಿನಿಂದ ಕಾಕಾ ಶರಬತ್ತು ಮಾಡಿಸಿ ಕುಡಿದರು. ಆ ಶರಬತ್ತನ್ನು ನಾನು ಈವರೆಗೆ ಕ್ಷಮಿಸಿಲ್ಲ.

ಕಾಕಾ ಕೇಳದಿದ್ದರೇನು, ಆಯಿ ಕೇಳುತ್ತಿದ್ದಳು. ಸಂಜೆ ಹತ್ತಿಯ ಬತ್ತಿ ಹೊಸೆಯುತ್ತ ಕೂತಾಗ ಆ ಪ್ರಾಣಿಯ ಕಥೆ ಹೇಳು ಎನ್ನುತ್ತಿದ್ದಳು. ಅದು ಒಂದಲ್ಲ ಆಯಿ, ಒಂದು ದೊಡ್ಡ ಮನೆತನ ಎಂದು ಶುರುಮಾಡಿದೆ. ನೂರಾರು ಸಣ್ಣ ಬಾಯಿಗಳು, ಆದರೆ ಒಳಗೆ ಒಬ್ಬರಿಂದೊಬ್ಬರಿಗೆ ನಾಳಗಳಿವೆ. ಒಂದು ಬಾಯಿಗೆ ತುತ್ತು ಸಿಕ್ಕರೆ ಅದರ ಸತ್ವ ಉಳಿದವರಿಗೂ ಹರಿಯುತ್ತದೆ.

"ಒಂದ ಒಲಿ ಅನ್ನು. ಬ್ಯಾರೆ ಆಗಾಕ ಯಾರೂ ಕೇಳೂದಿಲ್ಲೇನು?"

"ಇಲ್ಲ ಆಯಿ."

"ಛಲೋ ಮಂದಿ."

ಅವು ಬೇಟೆಗೆ ಹೋಗುವುದಿಲ್ಲ ಎಂದೆ. ನಮ್ಮ ಕಸಬೆ ಡಿಗ್ರಜದ ಕಡೆ ಮೀನು ಹಿಡಿಯುವವರು ಕೃಷ್ಣೆಯ ಹರಿವಿಗೆ ಅಡ್ಡ ಬಲೆ ಕಟ್ಟುತ್ತಾರಲ್ಲ, ಹಾಗೆ ಈ ಬೀಸಣಿಗೆ ನೀರಿನ ಸೆಳೆತಕ್ಕೆ ಅಡ್ಡವಾಗಿ ತನ್ನ ಮೈಯನ್ನೇ ಹರಡುತ್ತದೆ. ಸಣ್ಣದಿದ್ದಾಗ ದಿಕ್ಕು ತಿಳಿಯದು, ಹೇಗೆಂದರೆ ಹಾಗೆ ಬೆಳೆಯುತ್ತದೆ. ದೊಡ್ಡದಾಗುತ್ತ ಆಗುತ್ತ ನೀರು ಯಾವ ಕಡೆಯಿಂದ ಬರುತ್ತದೆ ಎಂಬುದು ತಿಳಿದು ಅದರ ಎದುರಿಗೆ ತಿರುಗಿ ನಿಲ್ಲುತ್ತದೆ. ಬಹಳ ಜಾತಿಗಳು ಇಡೀ ವರ್ಷಕ್ಕೆ ಒಂದು ಬೆರಳಗಲ ಬೆಳೆದರೆ ದೊಡ್ಡದು. ಕಾಕಾರ ಚೌಕಟ್ಟಿನಲ್ಲಿರುವುದು ನನಗಿಂತ ಹಿರಿಯದಿರಬೇಕು.

ಮಕ್ಕಳು ಹೇಗೆ ಎಂದು ಆಯಿ ಕೇಳಿಯೇ ಕೇಳಿದಳು. ಗಂಡು ಬೀಸಣಿಗೆ ಬೇರೆ, ಹೆಣ್ಣು ಬೀಸಣಿಗೆ ಬೇರೆ, ಹೆಚ್ಚಿನವು ಹಾಗೇ, ಬೀಜ ನೀರಿನ ಮೂಲಕವೇ ಸೇರುತ್ತದೆ ಎಂದೆ. ಮರಿ ಸೂಜಿಯ ಮೊನೆಯಷ್ಟು. ಕೆಲವು ಕಾಲ ನೀರಿನಲ್ಲಿ ತೇಲಿ, ಬರಿ ಬಂಡೆಯೊಂದು ಸಿಕ್ಕರೆ ಅಂಟಿ ಕೂರುತ್ತದೆ. ಒಮ್ಮೆ ಕೂತಿತೆಂದರೆ ಮುಗಿಯಿತು, ಸಾಯುವವರೆಗೆ ಜಾಗ ಬಿಡುವುದಿಲ್ಲ. ದೊಡ್ಡ ದೋಣಿಗಳ ಬಲೆ ತಳವನ್ನು ಬಾಚಿಕೊಂಡು ಬಂದರೂ ಓಡಲು ಅದಕ್ಕೆ ಕಾಲಿಲ್ಲ.

ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ನನ್ನಾಂಗ ಐತಿ. ತವರಮನಿ ಸಲಗರಿಯಿಂದ ತೇಲಿಕೋತ ಬಂದಾಕಿ, ಇಲ್ಲೆ ಅಂಟಿ ಕುಂತೇನಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಕಾಕಾಗ ಹ್ಯಾಂಗರೆ ಒಪ್ಪಸು. ಇಲ್ಲಂದ್ರ ನನಗ ವಿಭೂತಿ ಹಚ್ಚಾಕ ಕೈ ಬರೂದಿಲ್ಲ" ಎಂದಳು.

ಸಾಕ್ಷಿದಾರಳೇ ನನ್ನ ಪಕ್ಷಕ್ಕೆ ಬಂದಿದ್ದಳು. ಆದರೆ ತೀರ್ಪು ಕೊಡುವವರು ಬೇರೆ.

ದೀಪಾವಳಿ ಹತ್ತಿರ ಬಂತು. ಹೊಸ ಅಂಗಡಿಯ ಗೋಡೆಗೆ ಬಣ್ಣವಾಯಿತು. ಕಾಕಾ ನನಗೆ ಕಾಣುವಂತೆ ಒಂದು ಹಿತ್ತಾಳೆಯ ಮೊಳೆ, ಒಂದು ಸುತ್ತಿಗೆ ತಂದು ಮನೆಯ ಕಪಾಟಿನ ಮೇಲೆ ಇಟ್ಟರು. ಬೆಳಿಗ್ಗೆ ಚಹಾ ಕುಡಿಯುವಾಗ ಒಮ್ಮೆ ಸುತ್ತಿಗೆಯ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದರು.

ದಾರಿ ತೋರಿಸಿದ್ದು ನನ್ನ ಹಣಿಗೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ತಲೆ ಬಾಚಿಕೊಂಡು, ಹಣಿಗೆಯಲ್ಲಿ ಸಿಕ್ಕ ಕೂದಲಿನ ಉಂಡೆಯನ್ನು ಯಾವ ಧ್ಯಾನದಲ್ಲೋ ಸ್ನಾನದ ನೀರು ಕಾಯಿಸುವ ಬಂಬಿನ ಬೆಂಕಿಗೆ ಎಸೆದೆ. ನಮ್ಮ ಮನೆಯಲ್ಲಿ ಇನ್ನೂ ಆ ತಾಮ್ರದ ಬಂಬು ಇದೆ. ಕೂದಲು ಚುರ್ ಎಂದಿತು. ಹಿತ್ತಲು, ಅಡಿಗೆಮನೆ, ಪಡಸಾಲೆ ದಾಟಿ ಮುಂದಿನ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಕಾಕಾ ಅಲ್ಲಿಂದಲೇ ಕೂಗಿದರು:

"ಯಾರಲೇ ಅದು ಕೂದಲಾ ಸುಟ್ಟಾವರು!"

ನಾನು ಹಣಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕಡಲ ಬೀಸಣಿಗೆಯ ಸಿಪ್ಪೆ ಸುಣ್ಣದ್ದಾದರೂ ಒಳಗಿನ ಬಾಗುವ ಕಡ್ಡಿ ಕಟ್ಟಿಗೆಯಲ್ಲ. ಅದು ಪ್ರೋಟೀನು. ನಮ್ಮ ಕೂದಲು, ಉಗುರು, ದನದ ಕೊಂಬುಗಳ ಬಳಗದ್ದು. ಅಲೆ ಬಂದಾಗ ಮುರಿಯದೆ ಬಳುಕುವುದು ಅದರಿಂದಲೇ. ಕಟ್ಟಿಗೆ ಸುಟ್ಟರೆ ಕಟ್ಟಿಗೆಯ ಹೊಗೆ ಬರುತ್ತದೆ. ಇದನ್ನು ಸುಟ್ಟರೆ? ಪ್ರಮಾಣವನ್ನು ನಾನು ಮಾಲವಣದಲ್ಲಿ, ಕಾನೂನಿನಲ್ಲಿ, ಲಿಂಬೆಹಣ್ಣಿನಲ್ಲಿ ಹುಡುಕುತ್ತಿದ್ದೆ. ಅದು ಕಾಕಾರ ಮುಖದ ನಟ್ಟನಡುವೆ ಇತ್ತು!

ಹಬ್ಬದ ವಾರ ಗುಗ್ಗುಳದ ದಲಾಲ ನಮುನೆಗಳನ್ನು ತಂದ. ಕಾಲೇಜಿಗೆ ದೀಪಾವಳಿ ರಜೆ ಬಿದ್ದಿತ್ತು, ನಾನು ಅಂಗಡಿಯಲ್ಲೇ ಇದ್ದೆ. "ಕಾಕಾ, ಇವತ್ತ ಕೆಂಡಕ್ಕ ನಾ ಹಾಕ್ತೇನ್ರಿ" ಎಂದೆ. ಸೋಲು ಹತ್ತಿರ ಬಂತೆಂದು ಮೆತ್ತಗಾಗಿದ್ದಾಳೆ ಎಂದುಕೊಂಡರೋ ಏನೋ, ಖುಷಿಯಿಂದ ಚಿಮಟಿಗೆಯನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದರು.

ಮೊದಲ ನಮುನೆ ಇಟ್ಟೆ. ಹೊಗೆ ಎದ್ದಿತು.

"ಅಸಲ ಐತಿ" ಎಂದರು. ದಲಾಲನ ಮುಖ ಅರಳಿತು.

ಎರಡನೆಯದು. "ರಾಳ ಬೆರಸ್ಯಾರ. ವಾಪಸ್ ಒಯ್ಯಿ." ದಲಾಲನ ಮುಖ ಇಳಿಯಿತು.

ಮೂರನೆಯದಕ್ಕೆ ನಾನು ಸೆರಗಿನ ಗಂಟಿನಿಂದ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಆ ಮುರುಕಲು ತುಂಡಿನ ಒಂದು ಕಪ್ಪು ಕಡ್ಡಿಯನ್ನು ತೆಗೆದು ಕೆಂಡದ ಮೇಲೆ ಇಟ್ಟೆ. ನನ್ನ ಓದು ತಪ್ಪಿದ್ದರೆ, ಅಥವಾ ವರ್ಷಗಟ್ಟಲೆ ಒಣಗಿದ ಕಡ್ಡಿಯಲ್ಲಿ ವಾಸನೆಯೇ ಸತ್ತಿದ್ದರೆ, ಕಪಾಟಿನ ಮೇಲಿನ ಸುತ್ತಿಗೆ ಕಾಯುತ್ತಲೇ ಇತ್ತು. ಕಡ್ಡಿ ಒಮ್ಮೆ ಸುರುಟಿಕೊಂಡಿತು. ತುದಿ ಗುಳ್ಳೆ ಗುಳ್ಳೆಯಾಗಿ ಉಬ್ಬಿತು. ಹೊಗೆಯ ಸಣ್ಣ ಎಳೆಯೊಂದು ಕಾಕಾರ ಕಡೆ ಹೋಯಿತು.

ಕಾಕಾರ ಮೂಗಿನ ಹೊಳ್ಳೆ ಅಗಲವಾಯಿತು. ಹುಬ್ಬು ಗಂಟಾಯಿತು. ಅವರು ಟವೆಲನ್ನು ಮೂಗಿಗೆ ಒತ್ತಿಕೊಂಡು ಗರ್ಜಿಸಿದರು.

"ಥೂ ಥೂ ಥೂ! ತಗೀ ಅದನ್ನ! ಕೂದಲಾನೋ ಕೊಂಬೋ, ಜೀವದ್ದ ಏನೋ ತಂದೀ ಮಗನ ಗಾದಿ ಮುಂದ! ಇದು ಕಾಷ್ಠ ಅಲ್ಲ!"

"ನಂದಲ್ಲರಿ ಶೇಟಜೀ, ದೇವರಾಣಿ ನಂದಲ್ಲ" ಎಂದು ದಲಾಲ ಎದ್ದು ನಿಂತ.

"ಪಕ್ಕಾನರಿ ಕಾಕಾ?" ಎಂದೆ.

"ನನ್ನ ಮೂಗಿಗಿ ಪಕ್ಕಾ ಕೇಳ್ತೀ? ಮುತ್ತ್ಯಾನ ಗಾದಿ ಮುಟ್ಟಿ ಹೇಳ್ತೇನಿ. ಕಾಷ್ಠ ಅಲ್ಲ, ಅಲ್ಲ, ಅಲ್ಲ!"

"ಹಂಗಾರ ಕಣ್ಣ ತಗೀರಿ."

ಕಾಕಾ ಕಣ್ಣು ತೆರೆದರು. ಚಿಮಟಿಗೆಯ ತುದಿಯಲ್ಲಿ ಅರ್ಧ ಸುಟ್ಟ ಕಪ್ಪು ಕಡ್ಡಿ. ಅದನ್ನು ನೋಡಿದರು. ನನ್ನನ್ನು ನೋಡಿದರು. ನಿಧಾನಕ್ಕೆ ಕತ್ತು ಹೊರಳಿಸಿ ತಲೆಯ ಮೇಲಿನ ಚೌಕಟ್ಟನ್ನು ನೋಡಿದರು. ಆಮೇಲೆ ಚಿಮಟಿಗೆ ಕಿತ್ತುಕೊಂಡು, ಪೆಟ್ಟಿಗೆಯನ್ನು ತರಿಸಿ, ಬೇರೆ ಒಂದು ಕಡ್ಡಿ ಮುರಿದು ತಾವೇ ಕೆಂಡಕ್ಕೆ ಹಾಕಿದರು, ಕಣ್ಣು ಮುಚ್ಚಿ ಮೂಸಿದರು. ಹೋಲಿಸಲು ಅಶ್ವಗಂಧದ ಬೇರು ಒಂದು ಚೂರು ಹಾಕಿದರು. ಅದು ಸಾಧುವಾಗಿ ಕಟ್ಟಿಗೆಯ ಹೊಗೆ ಬಿಟ್ಟಿತು. ಮತ್ತೆ ಇಂದ್ರಜಾಲ. ಮತ್ತೆ ಅದೇ ಸುಟ್ಟ ಕೂದಲು. ಕಾಕಾರ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಎಂದು ಅವರು ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ.

ಗಾದಿಯ ಮೇಲೆ ಯಾರೂ ಕಾಲಿಡುವಂತಿಲ್ಲ, ಕೂರಬೇಕಷ್ಟೆ. ಅಂದು ಕಾಕಾ ಚಪ್ಪಲಿ ಬಿಟ್ಟು, ಗಾದಿಗೆ ನಮಸ್ಕಾರ ಮಾಡಿ, ಅದರ ಮೇಲೆ ಹತ್ತಿ ನಿಂತು, ಎರಡೂ ಕೈಯಿಂದ ಚೌಕಟ್ಟನ್ನು ಇಳಿಸಿದರು. ಗೋಡೆಯಲ್ಲಿ ಒಂದು ಬಿಳಿಯ ಚೌಕ ಉಳಿಯಿತು.

ನಾನು ಗೆದ್ದೆ ಎಂದು ಪೇಟೆಗೆಲ್ಲ ಕೇಳುವ ಹಾಗೆ ಕೂಗಿದೆ. ಕಾಲೇಜಿನಲ್ಲಿ ಕಲಿಸುವವಳೆಂಬುದು ನೆನಪಿಗೇ ಬರಲಿಲ್ಲ. ಎದುರಿನ ಶಂಖದ ಅಂಗಡಿಯವರು ಹೊರಗೆ ಬಂದು ನೋಡಿದರು.

"ಏ, ನೀ ಎಲ್ಲಿ ಗೆದ್ದಿ?" ಎಂದರು ಕಾಕಾ, ಚೌಕಟ್ಟನ್ನು ಎದೆಗೆ ಹಿಡಿದು ಕೆಳಗಿಳಿಯುತ್ತ. "ನನ್ನ ಮೂಗ ಗೆದ್ದೈತಿ."

ಇರಲಿ. ಆ ಗೆಲುವನ್ನು ಹಂಚಿಕೊಳ್ಳಲು ನನಗೆ ಬೇಸರವಿರಲಿಲ್ಲ. ಜೀಪಿನ ಕನಸು ಅಂದಿನಿಂದ ಬೀಳಲಿಲ್ಲ.

ಮನೆಯಲ್ಲಿ ಆಯಿ ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮೈಲಿಗೆ, ಸ್ನಾನ ಎಂದು ರಂಪ ಮಾಡುತ್ತಾಳೆಂದು ನಾವಿಬ್ಬರೂ ಹೆದರಿದ್ದೆವು. ಅವಳು ಕೇಳಿದ್ದು ಬೇರೆ. "ಜೀವ ಇತ್ತಂದ್ರ ಅದನ್ನ ನೀರಾಗಿಂದ ಯಾಕ ಕಿತ್ತರೋ? ಒಂದ ಒಲಿ ಮಂದಿ, ಪಾಪ." ಹಬ್ಬವಲ್ಲದಿದ್ದರೂ ಗಾಜಿಗೆ ಮೂರು ಗೆರೆ ವಿಭೂತಿ ಎಳೆದಳು. ನಮ್ಮವರಿಗೆ ಮಾಡುವಂತೆ ಹಿತ್ತಲಲ್ಲಿ ಮಣ್ಣು ಕೊಡೋಣ ಎಂದಳು. ಹಾಗೆ ಮಾಡುವಂತಿಲ್ಲ, ಸರಕಾರಕ್ಕೆ ಒಪ್ಪಿಸಬೇಕು ಎಂದೆ.

"ಸರಕಾರಕ್ಕ ಇದರ ಮ್ಯಾಲ ಅಷ್ಟ ಜೀವನಾ?"

"ಕಾಗದದ ಮ್ಯಾಲ ಐತಿ ಆಯಿ."

ಮರುದಿನ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಚೌಕಟ್ಟು, ಪೆಟ್ಟಿಗೆ ಎರಡನ್ನೂ ರಿಕ್ಷಾದಲ್ಲಿ ಇಟ್ಟುಕೊಂಡು ನನ್ನೊಡನೆ ಅರಣ್ಯ ಇಲಾಖೆಯ ಕಚೇರಿಗೆ ಬಂದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು, ಗದರಿಸಿ ಕೇಳಿದರು, ಬರೆಸಿಕೊಂಡರು, ಇನ್ನು ಮುಂದೆ ಮಾರಿದರೆ ಬಿಡುವುದಿಲ್ಲ ಎಂದರು. ಅಧಿಕಾರಿ ಮರಾಠಿಯಲ್ಲಿ, ಇದು ಪ್ರಾಣಿಯೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಕಾಕಾ ನನ್ನ ಕಡೆ ಕೈ ತೋರಿಸಿ, "ಆಮ್ಚೀ ಮುಲಗೀ ಪ್ರೊಫೆಸರ್ ಆಹೇ" ಎಂದರು. ನಮ್ಮ ಮಗಳು. ಮೂಗಿನ ಸುದ್ದಿ ಎತ್ತಲೇ ಇಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಮುಖ ಮುಚ್ಚಿಕೊಂಡೆ, ಅಳುವೋ ನಗುವೋ ಎರಡೂ ಒಟ್ಟಿಗೆ ಬಂದಿದ್ದವು.

ಪಾಡ್ವಾದ ದಿನ ಹೊಸ ಅಂಗಡಿ ತೆರೆಯಿತು. ಅದರ ಗೋಡೆಗೆ ಹೊಡೆದ ಹಿತ್ತಾಳೆಯ ಮೊಳೆಗೆ ಆಯಿ ಚೆಂಡುಹೂವಿನ ಹಾರ ಹಾಕಿಸಿದಳು. ಆ ಕೇಸರಿ ಕಂಡು ನನಗೆ ಮಾಲವಣದ ಬಂಡೆ ನೆನಪಾಯಿತು. ಪೂಜೆ ಮುಗಿದು ಪೇಢೆ ಹಂಚುತ್ತಿರುವಾಗಲೇ ಎಂಐಡಿಸಿಯಲ್ಲಿ ಹೊಸ ವರ್ಕ್‌ಶಾಪು ಹಾಕಿದವನೊಬ್ಬ ಬಂದ. ಮೂಲ ನಮ್ಮ ಕಡೆಯವನೇ, ಗಡಿಯ ಆಚೆಯಿಂದ ಬಂದ ಕನ್ನಡಿಗ.

"ಕಾಕಾ, ಒಂದ ದೊಡ್ಡದ ಇಂದ್ರಜಾಲ ಕೊಡ್ರಿ. ನಾಳಿ ಮಷೀನ ಪೂಜಿ ಐತಿ."

"ಕುಂದ್ರಿ" ಎಂದರು ಕಾಕಾ. ಶೇಗಡಿಯನ್ನು ಹತ್ತಿರ ಎಳೆದುಕೊಂಡರು. ತೋರಿಸಲು ಅಂಗಡಿಯಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ, ಏನು ಮಾಡುತ್ತಾರೆ ಎಂದು ನಾನು ನೋಡುತ್ತ ನಿಂತೆ. ಕಾಕಾ ಟೋಪಿ ತೆಗೆದರು. ಕಿವಿಯ ಮೇಲಿನ ಬೆಳ್ಳಿಯ ಬೇಲಿಯಿಂದ ಒಂದು ಕೂದಲನ್ನು ಆರಿಸಿ, ಹಲ್ಲು ಕಚ್ಚಿ ಕಿತ್ತು, ಕೆಂಡದ ಮೇಲೆ ಇಟ್ಟರು.

"ಕಣ್ಣ ಮುಚ್ಚಿ ಮೂಸ್ರಿ."

ಅವನು ಮೂಸಿದ, ಮುಖ ಕಿವುಚಿದ.

"ಇಂದ್ರಜಾಲ ಸುಟ್ರೂ ಇದ ವಾಸನಿ. ಅದು ಬೇರಲ್ಲರಿ, ಸಮುದ್ರದಾಗ ಊಟಾ ಮಾಡಿಕೊಂಡಿದ್ದ ಜೀವ. ನಮ್ಮಲ್ಲೆ ಸಿಗೂದಿಲ್ಲ. ಎದಕ್ಕಂದ್ರ ಕಾಷ್ಠ ಅಲ್ಲ." ಎದೆ ಒಂದು ಗೇಣು ಮುಂದೆ ಬಂದಿತ್ತು. ಗಿರಾಕಿ ಗುಗ್ಗುಳದ ಪೊಟ್ಟಣ ಒಯ್ದ, ಪೇಢೆಯನ್ನೂ ತಿಂದು ಹೋದ.

ಕೇಳುವವರು ಇನ್ನೂ ಬರುತ್ತಾರೆ. ಬಂದಾಗಲೆಲ್ಲ ಕಾಕಾ ಟೋಪಿ ತೆಗೆಯುತ್ತಾರೆ. ಬೇಲಿ ತೆಳ್ಳಗಾಗುತ್ತಿದೆ. ಮೊನ್ನೆ ತಡೆಯಲಾರದೆ, ನನ್ನ ಜಡೆ ಇಷ್ಟುದ್ದ ಇದೆಯಲ್ಲರಿ ಕಾಕಾ, ಬಾಚಿದಾಗ ಉದುರಿದ್ದನ್ನು ಡಬ್ಬಿಯಲ್ಲಿ ತುಂಬಿಸಿ ಕೊಡುತ್ತೇನೆ ಎಂದೆ.

"ಬ್ಯಾಡವಾ" ಎಂದರು ಕಾಕಾ, ಬೋಳಾಗುತ್ತಿರುವ ಕಿವಿಯ ಮೇಲ್ಭಾಗವನ್ನು ಸವರಿಕೊಳ್ಳುತ್ತ. "ಇಷ್ಟ ವರ್ಷ ಅದನ್ನ ಮಾರಿದಾಂವ ಈ ಗಾದಿ ಮ್ಯಾಲ ಕುಂತಾಂವ. ಕೂದಲಾನೂ ಅವಂದ ಆಗಬೇಕು."